ತ್ರೀಡಿ ಚಿತ್ರದಲ್ಲಿ ಮಳೆ ಬರುವುದಿಲ್ಲ

ನಾನು ಮನೆಗಳ ಪ್ಲಾನ್ ಹಾಕುವವನು. ಊರು ಶಿರಸಿ ಹತ್ತಿರದ ಒಂದು ಹಳ್ಳಿ, ಕೆಲಸ ಕಾರವಾರದಲ್ಲಿ. ಮನೆ ಕಟ್ಟಿಸುವವರು ಎದುರಿಗೆ ಕೂತು "ಹಾಲ್ ದೊಡ್ಡದಿರಲಿ, ದೇವರ ಕೋಣೆ ಈ ಕಡೆ ಬರಲಿ" ಎಂದು ಹೇಳುತ್ತಾ ಹೋಗುತ್ತಾರೆ. ನಾನು ಪೆನ್ಸಿಲ್ ಹಿಡಿದು ತಲೆ ಆಡಿಸುತ್ತೇನೆ. ನನ್ನ ತಲೆಯೊಳಗೆ ಆಗಲೇ ಮನೆ ಎದ್ದು ನಿಂತಿದೆ ಎಂದು ಅವರು ಅಂದುಕೊಂಡಿರುತ್ತಾರೆ. ಹಾಗೇನೂ ಇಲ್ಲ. ಕಣ್ಣು ಮುಚ್ಚಿದರೆ ನನಗೆ ಕಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಮುಗಿದ ಮನೆ ಕಾಣುವುದಿಲ್ಲ. ಕಾಳಿ ನದಿ ದಾಟುವಾಗೆಲ್ಲ ನೋಡುವ ಸದಾಶಿವಗಡದ ಗುಡ್ಡ ಕಾಣುವುದಿಲ್ಲ. ತೀರಿಹೋದ ಅಮ್ಮನ ಮುಖವೂ ಅಷ್ಟೆ.

ಗೊತ್ತಿಲ್ಲ ಎಂದಲ್ಲ. ಅಮ್ಮನ ಹಣೆ ಅಗಲ. ಮೂಗುಬೊಟ್ಟು ಎಡಕ್ಕೆ. ನಗುವಾಗ ಸೆರಗಿನ ತುದಿ ಬಾಯಿಗೆ ಬರುತ್ತಿತ್ತು. ಜಾತ್ರೆಯ ಜನಸಂದಣಿಯಲ್ಲಿ ಹಿಂದಿನಿಂದ ಕಂಡರೂ ಗುರುತು ಹಿಡಿಯುತ್ತಿದ್ದೆ. ಗೊತ್ತಿರುವುದು ಚಿತ್ರವಾಗಿ ಎದುರಿಗೆ ಬರುವುದಿಲ್ಲ, ಅಷ್ಟೆ.

ಇದನ್ನು ಹೇಳಿದರೆ ಕೆಲವರು ಅಯ್ಯೋ ಪಾಪ ಅನ್ನುತ್ತಾರೆ. ಕೆಲವರು ನಂಬುವುದೇ ಇಲ್ಲ. "ನಮಗೇನು ಟಿವಿ ಥರ ಕಾಣುತ್ತಾ ಮಾರಾಯ್ರೆ, ಎಲ್ಲರದ್ದೂ ಅಷ್ಟೆ" ಅನ್ನುತ್ತಾರೆ. ಇವನ್ನೆಲ್ಲ ನಾನು ನಕ್ಕು ಬಿಟ್ಟುಬಿಡುತ್ತೇನೆ. ಕಾಡಿದ್ದು ಬೇರೆ ಪ್ರಶ್ನೆ. ಒಬ್ಬ ಗಿರಾಕಿ ಸೀದಾ ಕೇಳಿದರು: "ಹಾಗಾದ್ರೆ ನಿಮಗೆ ಕಲ್ಪನೆ ಅನ್ನೋದೇ ಇಲ್ವಾ? ಮತ್ತೆ ಪ್ಲಾನ್ ಹೇಗೆ ಹಾಕ್ತೀರಿ?" ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಕೈಯಲ್ಲಿ ಅಡ್ವಾನ್ಸ್ ದುಡ್ಡು ಹಿಡಿದು ಕೂತಿದ್ದರು.

ಹೀಗೆ ಮನಸ್ಸಿನಲ್ಲಿ ಚಿತ್ರ ಕಾಣದಿರುವುದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರು. ಹೆಸರು ಹೊಸದು, ಸಂಗತಿ ಹಳೆಯದು. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ಪ್ರಶ್ನೆಪಟ್ಟಿಯ ಫಲಿತಾಂಶ ಪ್ರಕಟಿಸಿದರು. ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ, ಚಿತ್ರ ಮಸುಕಾಗಿದೆಯೋ ಸ್ಪಷ್ಟವಾಗಿದೆಯೋ, ಬಣ್ಣ ಕಾಣುತ್ತದೆಯೋ ಹೇಳಿ ಎಂದು ಅವರು ಜನರನ್ನು ಕೇಳಿದ್ದರು. ಮೊದಲು ಕೇಳಿದ್ದು ತಮ್ಮ ಬಳಗದ ವಿಜ್ಞಾನಿಗಳನ್ನೇ. ಅವರಲ್ಲಿ ಬಹಳ ಮಂದಿ, ಮನಸ್ಸಿನೊಳಗೆ ಚಿತ್ರ ಎಂಬುದೇ ನಮಗೆ ಗೊತ್ತಿಲ್ಲದ ವಿಷಯ ಎಂದುಬಿಟ್ಟರು. ಗಾಲ್ಟನ್ನರಿಗೇ ಆಶ್ಚರ್ಯ. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಇದರ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

2010ರಲ್ಲಿ ಆಡಂ ಜೀಮನ್ ಎಂಬ ನರರೋಗ ತಜ್ಞರು ಮತ್ತು ಅವರ ಜೊತೆಗಾರರು ಒಬ್ಬ ರೋಗಿಯ ಬಗ್ಗೆ ಬರೆದರು. ಹೆಸರು ಹೇಳದೆ ಎಂಎಕ್ಸ್ ಎಂದು ಕರೆದರು. ಹೃದಯದ ರಕ್ತನಾಳಕ್ಕೆ ಆಂಜಿಯೋಪ್ಲಾಸ್ಟಿ ಆದ ಮೇಲೆ ಆತನ ಮನಸ್ಸಿನ ಚಿತ್ರಗಳೆಲ್ಲ ಒಮ್ಮೆಲೇ ಮಾಯವಾಗಿದ್ದವು. ಆತ ನಿವೃತ್ತ ಕಟ್ಟಡ ಸರ್ವೇಯರ್. (ಹೆಚ್ಚು ಕಡಿಮೆ ನಮ್ಮ ಕಸುಬಿನವನೇ ಎಂದು ಓದಿ ನನಗೆ ಒಂಥರಾ ಖುಷಿಯಾಯಿತು.) ವಿಚಿತ್ರ ಏನೆಂದರೆ, ಚಿತ್ರ ಹೋದರೂ ಆತನ ತಿಳಿವಳಿಕೆ ಹೋಗಿರಲಿಲ್ಲ. ಹುಲ್ಲಿನ ಹಸಿರು ತಿಳಿಯೋ, ಪೈನ್ ಮರದ ಹಸಿರು ತಿಳಿಯೋ ಎಂದರೆ ಹುಲ್ಲಿನದು ಎಂದು ಸರಿಯಾಗಿ ಹೇಳುತ್ತಿದ್ದ. ಯಾವುದನ್ನೂ ನೋಡದೆ ಹೇಳುತ್ತಿದ್ದ. ಈ ಸುದ್ದಿ ಓದಿದ ಕೆಲವರು "ನಮಗೆ ಹುಟ್ಟಿನಿಂದಲೇ ಹೀಗೆ" ಎಂದು ಮುಂದೆ ಬಂದರು. ಅಂಥ 21 ಜನರ ಬಗ್ಗೆ 2015ರಲ್ಲಿ ಬರೆಯುವಾಗ ಜೀಮನ್ ಇದಕ್ಕೊಂದು ಹೆಸರಿಟ್ಟರು. ಈಗಿನ ಅಂದಾಜಿನಂತೆ ಏನೂ ಕಾಣದವರು ನೂರಕ್ಕೆ ಸುಮಾರು ಒಬ್ಬರು. ತೀರಾ ಮಸುಕಾಗಿ ಕಾಣುವವರನ್ನೂ ಸೇರಿಸಿದರೆ ನೂರಕ್ಕೆ ನಾಲ್ಕು. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬರುವ ಜನರನ್ನು ನೆನೆದರೆ ನನ್ನಂಥವರು ಅಲ್ಲೇ ಸಾಕಷ್ಟು ಸಿಗುತ್ತಾರೆ, ಅಲ್ವಾ? ಅವರಲ್ಲಿ ಹೆಚ್ಚಿನವರಿಗೆ ತಾವು ಹೀಗೆ ಎಂಬುದೇ ಗೊತ್ತಿರುವುದಿಲ್ಲ.

ಇದೆಲ್ಲ ಬರೀ ಹೇಳುವ ರೀತಿಯ ವ್ಯತ್ಯಾಸ ಇರಬಹುದೇ ಎಂಬ ಅನುಮಾನ ನನಗೂ ಇತ್ತು. ನಿಮ್ಮ ತಲೆಯೊಳಗೆ ಇಣುಕಿ ನೋಡಲು ನನಗೆ ದಾರಿ ಇಲ್ಲವಲ್ಲ. ಸಿಡ್ನಿಯ ಜೋಯೆಲ್ ಪಿಯರ್ಸನ್ ಅವರ ತಂಡ ಅದಕ್ಕೊಂದು ದಾರಿ ಹುಡುಕಿತು. 2022ರಲ್ಲಿ ಬಂದ ಪ್ರಯೋಗ ಅದು. ಹೊಳೆಯುವ ಆಕಾರವೊಂದನ್ನು ಮನಸ್ಸಿನಲ್ಲಿ ತಂದುಕೊಂಡರೆ ಹೆಚ್ಚಿನವರ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕಪ್ಪು ಆಕಾರವಾದರೆ ಹಿಗ್ಗುತ್ತದೆ. ಎದುರಿಗೆ ನಿಜವಾದ ಬೆಳಕೇನೂ ಇರುವುದಿಲ್ಲ. ನನ್ನಂಥವರ ಪಾಪೆ ಹೀಗೆ ಬದಲಾಗಲಿಲ್ಲ. ಇಷ್ಟು ಹೇಳಿ ನಿಲ್ಲಿಸುವವರೇ ಜಾಸ್ತಿ. ನನಗೆ ಮುಖ್ಯವಾದದ್ದು ಅದರ ಮುಂದಿನ ಸಾಲು. ಒಂದು ಆಕಾರದ ಬದಲು ನಾಲ್ಕನ್ನು ಒಟ್ಟಿಗೆ ನೆನೆಯಲು ಹೇಳಿದಾಗ ಅವರ ಪಾಪೆಯೂ ಹಿಗ್ಗಿತು. ಕಷ್ಟದ ಲೆಕ್ಕ ಮಾಡುವಾಗ ಹಿಗ್ಗುತ್ತದಲ್ಲ, ಹಾಗೆ. ಅಂದರೆ ಅವರು ಸುಮ್ನೆ ಕೂತಿರಲಿಲ್ಲ. ಒಳಗೆ ಏನೋ ಕೆಲಸ ನಡೆಯುತ್ತಿತ್ತು. ಆದರೆ ಅದು ಚಿತ್ರ ಬಿಡಿಸುವ ಕೆಲಸ ಆಗಿರಲಿಲ್ಲ.

ಆ ಕೆಲಸ ಯಾವುದು ಎಂಬುದು ನನ್ನ ಕುತೂಹಲ.

ವಿಲ್ಮಾ ಬೇನ್‌ಬ್ರಿಜ್ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಸ್ವಲ್ಪ ಉತ್ತರ ಸಿಗುತ್ತದೆ. ಜನರಿಗೆ ಕೋಣೆಗಳ ಫೋಟೋ ತೋರಿಸಿ, ಆಮೇಲೆ ನೆನಪಿನಿಂದ ಅವುಗಳ ಚಿತ್ರ ಬರೆಯಲು ಹೇಳಿದರು. ಮನಸ್ಸಿನಲ್ಲಿ ಚಿತ್ರ ಕಾಣದವರು ಕಡಿಮೆ ವಸ್ತುಗಳನ್ನು ಬರೆದರು. ಬಣ್ಣ ಕಡಿಮೆ ಹಾಕಿದರು. ಕೆಲವು ಕಡೆ ಚಿತ್ರದ ಬದಲು "ಕಿಟಕಿ" ಎಂದು ಅಕ್ಷರದಲ್ಲೇ ಬರೆದು ಕೈ ತೊಳೆದುಕೊಂಡರು. ಆದರೆ ಬರೆದ ವಸ್ತುಗಳ ಜಾಗ, ಅಳತೆ ಉಳಿದವರಷ್ಟೇ ಸರಿಯಾಗಿತ್ತು. ಇನ್ನೊಂದು ವಿಷಯ ಓದಿ ನಾನು ನಕ್ಕೆ. ಫೋಟೋದಲ್ಲಿ ಇಲ್ಲದ ವಸ್ತುಗಳನ್ನು ಸೇರಿಸಿಬಿಡುವುದು ಚಿತ್ರ ಕಾಣುವವರಲ್ಲೇ ಜಾಸ್ತಿಯಿತ್ತು.

ನಮ್ಮ ಹಳೇ ಮನೆ ನನಗೆ ನೆನಪಿರುವುದು ಹಾಗೇ. ಜಗಲಿಯಿಂದ ಒಳಗೆ ಹೋದರೆ ನಡುಮನೆ, ಬಲಕ್ಕೆ ದೇವರ ಕೋಣೆ, ಬಾಗಿಲ ಮೇಲುಪಟ್ಟಿ ತಗ್ಗು, ತಲೆ ಬಗ್ಗಿಸಬೇಕು. ಅಟ್ಟದ ಏಣಿಯ ಒಂದು ಮೆಟ್ಟಿಲು ಅಲ್ಲಾಡುತ್ತದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲ ಸ್ವಲ್ಪ ಇಳಿಜಾರು. ಕಾರವಾರದಲ್ಲಿ ಕೂತು ಆ ಮನೆಯಲ್ಲಿ ನಾನು ಓಡಾಡಬಲ್ಲೆ. ಕರೆಂಟ್ ಹೋದ ರಾತ್ರಿ ಓಡಾಡಿದ ಹಾಗೆ. ಎಲ್ಲವೂ ಇದ್ದಲ್ಲೇ ಇದೆ, ಕಾಣುವುದಿಲ್ಲ. ಪ್ಲಾನ್ ಹಾಕುವುದಕ್ಕೆ ನನಗೆ ಬೇಕಾಗಿರುವುದು ಈ ಓಡಾಟ. ಅಡುಗೆಮನೆಯಿಂದ ಬಾವಿಗೆ ಎಷ್ಟು ಹೆಜ್ಜೆ, ಕೈಯಲ್ಲಿ ಕೊಡಪಾನ ಇದ್ದರೆ ಬಾಗಿಲು ಯಾವ ಕಡೆ ತೆಗೆಯಬೇಕು, ಅಡಿಕೆ ಮೂಟೆ ಹೊತ್ತವನು ಮೂಲೆಯಲ್ಲಿ ತಿರುಗಬಲ್ಲನೋ ಇಲ್ಲವೋ. ಇನ್ನು ಹತ್ತು ವರ್ಷ ಬಿಟ್ಟು ಈ ಯಜಮಾನರ ಮಂಡಿ ನೋಯಲು ಶುರುವಾದರೆ ರಾತ್ರಿ ಬಚ್ಚಲಿಗೆ ಎಷ್ಟು ಮೆಟ್ಟಿಲು ಇಳಿಯಬೇಕು. "ಹೀಗಾದರೆ ಏನಾಗುತ್ತದೆ" ಎಂದು ಕೇಳಿಕೊಂಡು, ಬಂದ ಉತ್ತರದ ಹಿಂದೆ ಹೋಗುವುದು. ಇದನ್ನೇ ನಾನು ಕಲ್ಪನೆ ಎನ್ನುವುದು. ಆ ಗಿರಾಕಿಗೂ ಇದನ್ನೇ ಹೇಳುತ್ತೇನೆ, ಈಗ ಸಿಕ್ಕರೆ.

ಈಗಂತೂ ಎಲ್ಲರಿಗೂ ತ್ರೀಡಿ ಬೇಕು. ಕಂಪ್ಯೂಟರಿನಲ್ಲಿ ಮಾಡಿಸಿದ ಚಿತ್ರ, ಬಣ್ಣ ಬಳಿದ ಗೋಡೆ, ಹುಲ್ಲುಹಾಸು, ನಿಲ್ಲಿಸಿಟ್ಟ ಕಾರು. ನಾನೂ ಮಾಡಿಸಿಕೊಡುತ್ತೇನೆ, ಇಲ್ಲದಿದ್ದರೆ ಕೆಲಸ ಸಿಗುವುದಿಲ್ಲ. ಆದರೆ ನಾನು ನೋಡಿದ ತ್ರೀಡಿಗಳಲ್ಲೆಲ್ಲ ಆಕಾಶ ನೀಲಿ. ಯಾವುದರಲ್ಲೂ ಆಷಾಢ ಇಲ್ಲ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದೂ ನೆಟ್ಟಗೆ ಬೀಳುವುದಿಲ್ಲ. ಕಡಲ ಕಡೆಯ ಗಾಳಿಗೆ ಅಡ್ಡಡ್ಡ ಹೊಡೆಯುತ್ತದೆ. ಪಶ್ಚಿಮಕ್ಕೆ ದೊಡ್ಡ ಗಾಜು, ಮೇಲೆ ಒಂದು ಗೇಣು ಸಜ್ಜಾ. ಚಿತ್ರದಲ್ಲಿ ಬಹಳ ಚಂದ. ಮೊದಲ ಮಳೆಗಾಲಕ್ಕೆ ಗಾಜಿನ ಸಂದಿಯಿಂದ ನೀರು ಒಳಗೆ ಬಂದು ಸೋಫಾ ಒದ್ದೆ. ನಮ್ಮ ಹಳಬರು ಉದ್ದ ಮಾಡು ಇಳಿಸಿ, ಮಳೆ ಹೊಡೆಯುವ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನೋಡಲು ಏನೂ ಚಂದ ಇರಲಿಲ್ಲ. ಗೋಡೆ ಮಾತ್ರ ಒಣಗಿರುತ್ತಿತ್ತು.

ಚಿತ್ರ ಕಂಡ ಕೂಡಲೇ ಜನ ಯೋಚಿಸುವುದನ್ನು ನಿಲ್ಲಿಸಿಬಿಡುತ್ತಾರೆ ಎಂಬುದು ನನ್ನ ಅನುಭವ. ಕಂಡಿತಲ್ಲ, ಇನ್ನೇನು? ತಲೆಯೊಳಗಿನ ಚಿತ್ರಕ್ಕೂ ಈ ಗುಣ ಇರಬಹುದು ಎಂಬ ಗುಮಾನಿ ನನಗಿದೆ. ಹೊಟ್ಟೆಕಿಚ್ಚಿನ ಮಾತು ಎಂದು ಬೇಕಾದರೆ ಅಂದುಕೊಳ್ಳಿ.

ಕಲ್ಪನೆಗೆ ಚಿತ್ರ ಬೇಕೇ ಬೇಕು ಅನ್ನುವವರನ್ನು ನಾನು ಒಂದು ತಾಳಮದ್ದಳೆಗೆ ಕರೆದುಕೊಂಡು ಹೋಗಬೇಕು. ನಮ್ಮ ಕಡೆ ಮಳೆ ಹಿಡಿದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ದೇವಸ್ಥಾನದ ಪೌಳಿಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಳೆ ಕೂಟ. ನೋಡಲು ಅಲ್ಲಿ ಏನೂ ಇಲ್ಲ. ಕಿರೀಟ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ. ಭಾಗವತರು, ಮದ್ದಳೆ, ಚಂಡೆ. ಎದುರುಬದುರು ಕೂತ ನಾಲ್ಕಾರು ಅರ್ಥಧಾರಿಗಳು, ಮೈಮೇಲೆ ಪಂಚೆ, ಶಾಲು. ಒಬ್ಬರು ಬ್ಯಾಂಕಿನವರು, ಒಬ್ಬರು ಮೇಷ್ಟ್ರು, ಇನ್ನೊಬ್ಬರು ಬೆಳಿಗ್ಗೆಯಷ್ಟೇ ತೋಟಕ್ಕೆ ಔಷಧಿ ಹೊಡೆಸಿ ಬಂದವರು. ಭಾಗವತರು ಪದ ಹೇಳುತ್ತಾರೆ. ಪದ ಮುಗಿದ ಮೇಲೆ ಅರ್ಥಧಾರಿ ಬಾಯಿ ತೆರೆಯುತ್ತಾನೆ. ಪದ ಯಾವಾಗಲೋ ಬರೆದಿಟ್ಟದ್ದು. ಮಾತು ಆ ಹೊತ್ತಿಗೇ ಹುಟ್ಟಬೇಕು.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಮರೆಯಿಂದ ಬಂದ ಬಾಣ ತಾಗಿ ವಾಲಿ ಬಿದ್ದಿದ್ದಾನೆ. ಎದುರಿಗೆ ರಾಮ. ಒಳ್ಳೆಯ ಅರ್ಥಧಾರಿ ಕಾಡು ಹೇಗಿತ್ತು, ರಕ್ತ ಹೇಗೆ ಹರಿಯಿತು ಎಂದು ವರ್ಣಿಸುತ್ತಾ ಕೂರುವುದಿಲ್ಲ. ವಾಲಿಯ ಜಾಗದಲ್ಲಿ ನಿಂತು ಯೋಚಿಸಲು ಶುರು ಮಾಡುತ್ತಾನೆ. ನನಗೂ ನಿನಗೂ ಏನು ಜಗಳ ಇತ್ತು? ಹೆಂಡತಿಯನ್ನು ಹುಡುಕಬೇಕಾದರೆ ನನ್ನನ್ನೇ ಕೇಳಬಹುದಿತ್ತಲ್ಲ? ರಾವಣನನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದವನು ನಾನು. ಹೋಗಲಿ, ಎದುರಿಗೆ ಬಂದು ಯಾಕೆ ಹೊಡೆಯಲಿಲ್ಲ? ನಾಳೆ ನನ್ನ ಮಗ ಅಂಗದ ಯಾರ ಮುಖ ನೋಡಿ ಬದುಕಬೇಕು? ಒಂದು ಪ್ರಶ್ನೆಯಿಂದ ಇನ್ನೊಂದು ಹುಟ್ಟುತ್ತದೆ. ರಾಮನ ಪಾತ್ರ ವಹಿಸಿದವರಿಗೆ ಮುಂದಿನ ಪ್ರಶ್ನೆ ಏನು ಬರುತ್ತದೆ ಎಂದು ಗೊತ್ತಿರುವುದಿಲ್ಲ. ಉತ್ತರ ಕೊಡಲೇಬೇಕು, ಅದೂ ರಾಮನಾಗಿಯೇ ಕೊಡಬೇಕು. ಹೋದ ವರ್ಷ ಇದೇ ಪ್ರಸಂಗದಲ್ಲಿ ವಾಲಿ ಸಿಟ್ಟಾಗಿದ್ದ. ಈ ವರ್ಷ ಬೇರೆಯವರ ಬಾಯಲ್ಲಿ ಅವನು ನೊಂದಿದ್ದಾನೆ. ಪದ ಅದೇ, ವಾಲಿ ಬೇರೆ.

ಹೀಗೊಂದು ಕೂಟ ಮುಗಿಸಿ ಬರುವಾಗ ತಂಗಿಯ ಗಂಡ ಹೇಳಿದರು: "ಇವತ್ತು ವಾಲಿ ಕಣ್ಣೆದ್ರಿಗೇ ಬಂದಂಗಾತು ಭಾವ." ಅವರಿಗೆ ಎಲ್ಲವೂ ಕಾಣುತ್ತದೆ. ನನಗೆ ಏನೂ ಕಾಣಲಿಲ್ಲ ಅಂದೆ.

"ಹಂಗಾರೆ ಇಷ್ಟೊತ್ತು ಎಂತಾ ಮಾಡ್ದೆ ಮಾರಾಯ?"

"ರಾಮಂಗೆ ಉತ್ರ ಹುಡುಕ್ತಾ ಇದ್ದಿದ್ದಿ."

ಅದು ತಮಾಷೆಯ ಮಾತಾಗಿರಲಿಲ್ಲ. ನಿಜಕ್ಕೂ ಅದನ್ನೇ ಮಾಡುತ್ತಿದ್ದೆ. ವಾಲಿ ಕೇಳಿದ್ದಕ್ಕೆ ಏನು ಹೇಳಬಹುದು, ಅದಕ್ಕೆ ವಾಲಿ ಮತ್ತೇನು ಹೇಳುತ್ತಾನೆ ಎಂದು ಒಳಗೇ ಎರಡೂ ಕಡೆ ವಾದ ನಡೆದಿತ್ತು. ಭಾವನವರಿಗೆ ಬಿದ್ದ ವಾಲಿ ಕಂಡ. ನನಗೆ ಅವನ ಸಂಕಟದ ಲೆಕ್ಕಾಚಾರ ಸಿಕ್ಕಿತು. ನನಗೇ ಜಾಸ್ತಿ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಕಡಿಮೆ ಎಂದು ಅವರು ಹೇಳಿದರೆ ಒಪ್ಪುವುದೂ ಇಲ್ಲ.

ಕಾರವಾರದವರಿಗೆ ಕಲ್ಪನೆ ಎಂದರೆ ಟ್ಯಾಗೋರ್. ಕಡಲತೀರಕ್ಕೇ ಅವರ ಹೆಸರು. 1880ರ ದಶಕದ ಮೊದಲ ವರ್ಷಗಳಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತು ದಾಟಿದ ರವೀಂದ್ರರು ಅಣ್ಣನ ಮನೆಗೆ ಬಂದು ಇದ್ದರು. ಅತ್ತ ಲಂಡನ್ನಿನಲ್ಲಿ ಗಾಲ್ಟನ್ ತಿಂಡಿಯ ಮೇಜಿನ ಲೆಕ್ಕ ಹಾಕುತ್ತಿದ್ದ ಕಾಲ ಅದು. ಕಡಲು, ಗುಡ್ಡ, ಕಾಳಿ ನದಿ ನೋಡಿ ಅವರಿಗೆ ಬಹಳ ಹಿಡಿಸಿತು, ಮುಂದೆ ಆತ್ಮಕಥನದಲ್ಲೂ ಅದನ್ನು ಬರೆದರು. ಹಾಗಾಗಿ ಇಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆ ಇಟ್ಟರೆ ಒಬ್ಬರಾದರೂ "ಟ್ಯಾಗೋರರ ಹಾಗೆ ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ" ಎಂದು ಭಾಷಣ ಮಾಡುತ್ತಾರೆ. ಆದರೆ ಆ ಹುಡುಗ ಇಲ್ಲಿದ್ದಾಗ ಬರೆದದ್ದು ಏನು? ಒಂದು ಪದ್ಯನಾಟಕ. ಅದರಲ್ಲಿ ಒಬ್ಬ ಸನ್ಯಾಸಿ ಎಲ್ಲ ನಂಟನ್ನೂ ಕಡಿದುಕೊಂಡು ಪ್ರಕೃತಿಯನ್ನೇ ಗೆಲ್ಲಲು ಹೊರಡುತ್ತಾನೆ. ಒಬ್ಬಳು ಪುಟ್ಟ ಹುಡುಗಿಯ ಪ್ರೀತಿ ಅವನನ್ನು ಮತ್ತೆ ಜಗತ್ತಿನ ಕಡೆ ಎಳೆಯುತ್ತದೆ. ಚಂದದ ನೋಟ ಎದುರಿಗೇ ಬಿದ್ದಿತ್ತು, ಅದಕ್ಕೆ ಕಲ್ಪನೆ ಬೇಕಿರಲಿಲ್ಲ. ಅವರ ಕಲ್ಪನೆ ಕೆಲಸ ಮಾಡಿದ್ದು ಬೇರೆ ಕಡೆ. ಎಲ್ಲವನ್ನೂ ಬಿಟ್ಟವನ ಹತ್ತಿರ ಒಂದು ಮಗು ಬಂದು ನಿಂತರೆ ಏನಾಗುತ್ತದೆ? ಟ್ಯಾಗೋರರಿಗೆ ಮನಸ್ಸಿನಲ್ಲಿ ಧಾರಾಳವಾಗಿ ಚಿತ್ರ ಕಾಣುತ್ತಿರಬಹುದು, ಆ ಬಗ್ಗೆ ನನ್ನ ತಕರಾರಿಲ್ಲ. ಈ ಪ್ರಶ್ನೆಯನ್ನು ಕಟ್ಟಲು ಮಾತ್ರ ಅದು ಬೇಕೇ ಬೇಕು ಎಂದು ನನಗೆ ಅನಿಸುವುದಿಲ್ಲ.

ಚಿತ್ರ ಬಿಡಿಸುವವರಿಗಾದರೂ ಬೇಡವೇ ಎಂದು ಕೇಳಬಹುದು. ಅನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್ ಅವರಿಗೆ ಮನಸ್ಸಿನಲ್ಲಿ ಚಿತ್ರ ಬರುವುದಿಲ್ಲ. ಡಿಸ್ನಿಯ ಮತ್ಸ್ಯಕನ್ಯೆ ಏರಿಯಲ್‌ಗೆ ರೂಪ ಕೊಟ್ಟ ಗ್ಲೆನ್ ಕೀನ್ ಅವರಿಗೂ ಇಲ್ಲ. ಕೀನ್ ಕಾಗದದ ಮೇಲೆ ಗೀಚುತ್ತಾ ಹೋಗುತ್ತಾರೆ, ಗೀಚಿದ್ದರಲ್ಲಿ ರೂಪ ಸಿಗುತ್ತದೆ. ಮೊದಲು ತಲೆಯಲ್ಲಿ ಕಂಡು ಆಮೇಲೆ ಇಳಿಸುವುದು ಎಂಬ ಲೆಕ್ಕವೇ ಅಲ್ಲಿ ಇಲ್ಲ. ನನ್ನ ಪೆನ್ಸಿಲ್ ಕೂಡ ಹಾಗೇ. ಗೆರೆ ಹಾಕಿದ ಮೇಲೆ ನನಗೂ ಮನೆ ಕಾಣುವುದು, ಗಿರಾಕಿಯ ಜೊತೆಗೇ.

ನಷ್ಟ ಇಲ್ಲವೇ? ಇದೆ. ಮನಸ್ಸಿನಲ್ಲಿ ಚಿತ್ರ ಕಾಣದವರ ಸ್ವಂತ ಬದುಕಿನ ನೆನಪುಗಳಲ್ಲಿ ವಿವರ ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ನನಗಂತೂ ಅದು ನಿಜ. ನನ್ನ ಮದುವೆಯ ದಿನ ಏನೇನಾಯಿತು ಎಂದು ಪಟ್ಟಿ ಕೊಡಬಲ್ಲೆ, ಮತ್ತೊಮ್ಮೆ ಅಲ್ಲಿ ಹೋಗಿ ನಿಲ್ಲಲಾರೆ. ಕಾದಂಬರಿಗಳಲ್ಲಿ ಎರಡು ಪುಟ ಸೂರ್ಯಾಸ್ತ ಬಂದರೆ ಪುಟ ಹಾರಿಸುತ್ತೇನೆ. ಯಕ್ಷಗಾನ ಕಲಾವಿದ ಚಿಟ್ಟಾಣಿಯವರ ಭಸ್ಮಾಸುರನನ್ನು ನೋಡಿದ ನಮ್ಮ ಮನೆಯ ಹಿರಿಯರು 2017ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಕಣ್ಣು ಮುಚ್ಚಿ ಒಂದು ಸಲ ಆ ಕುಣಿತ ನೋಡಿಕೊಂಡರು. ಹಾಗೆ ನೋಡಿಕೊಳ್ಳುವುದು ನನಗೆ ಸಾಧ್ಯವಿಲ್ಲ. ಚಂಡೆಯ ಪೆಟ್ಟು ಕಿವಿಯೊಳಗೆ ಸ್ವಲ್ಪ ಬರುತ್ತದೆ, ಅಷ್ಟೇ ನನ್ನ ಪಾಲಿಗೆ. ಕಡಲತೀರದ ಸಂಜೆಯೂ ಹಾಗೆ. ನೋಡಿ ಬೆನ್ನು ತಿರುಗಿಸಿದರೆ ಮುಗಿಯಿತು. ಹಾಗಾಗಿ ಮತ್ತೆ ಮತ್ತೆ ಹೋಗುತ್ತೇನೆ.

ಕನಸಿನಲ್ಲಿ ಮಾತ್ರ ಕಾಣುತ್ತದೆ. ನನ್ನಂಥ ಬಹಳ ಜನರಿಗೆ ಹೀಗೇ. ಬೇಕೆಂದು ಕರೆದರೆ ಬಾರದ ಚಿತ್ರ, ನಿದ್ದೆಯಲ್ಲಿ ತಾನಾಗಿ ಬರುತ್ತದೆ. ಅಮ್ಮ ಒಮ್ಮೊಮ್ಮೆ ಬರುತ್ತಾಳೆ, ಬಣ್ಣದ ಸೀರೆಯ ಸಮೇತ. ಏನೂ ಮುಖ್ಯವಾದದ್ದು ಹೇಳುವುದಿಲ್ಲ. ಹಾಲು ಉಕ್ಕಿತು ನೋಡು ಅನ್ನುತ್ತಾಳೆ.

ಇದು ಕುಟುಂಬಗಳಲ್ಲಿ ಸಾಗಿ ಬರುವುದೂ ಉಂಟು. ತಂಗಿಗೆ ಎಲ್ಲ ಕಾಣುತ್ತದೆ, ಭಾವನವರದ್ದು ಹೇಳಿದೆನಲ್ಲ. ಅವರ ಮಗಳಿಗೆ ಕಾಣುವುದಿಲ್ಲ. ಆರನೇ ಕ್ಲಾಸು. ಒಮ್ಮೆ ಅವಳಿಗೆ ಶಾಲೆಯಲ್ಲಿ "ನಾನು ಹಕ್ಕಿಯಾಗಿದ್ದರೆ" ಎಂದು ಪ್ರಬಂಧ ಕೊಟ್ಟಿದ್ದರು. ಅವಳು ಬರೆದದ್ದು ಹೀಗೆ: ಹಕ್ಕಿಯಾದರೆ ಹಾರುವುದು ನನಗೆ ಖುಷಿ ಕೊಡುವುದಿಲ್ಲ, ಯಾಕೆಂದರೆ ಹಕ್ಕಿಗೆ ಹಾರುವುದು ಎಂದರೆ ನಮಗೆ ನಡೆದಷ್ಟೇ. ಮಳೆಗಾಲದಲ್ಲಿ ಎಲ್ಲಿ ಮಲಗುವುದು ಎಂಬುದು ದೊಡ್ಡ ಸಮಸ್ಯೆ. ಅಡಿಕೆ ಮರದಲ್ಲಿ ಗೂಡು ಕಟ್ಟಿದರೆ ಕೊನೆಕೊಯ್ಲಿನ ಹೊತ್ತಿಗೆ ಕಷ್ಟ. ನಾನೇ ನಿನ್ನ ಮಗಳು ಎಂದು ಅಮ್ಮನಿಗೆ ಹೇಳಲು ಆಗುವುದಿಲ್ಲ, ಅಮ್ಮ ನನ್ನನ್ನು ಅಂಗಳದಿಂದ ಓಡಿಸುತ್ತಾಳೆ.

ಕೆಳಗೆ ಕೆಂಪು ಶಾಯಿಯಲ್ಲಿ "ಕಲ್ಪನೆ ಸಾಲದು" ಎಂದಿತ್ತು. ಹತ್ತಕ್ಕೆ ಐದು.

"ಮಾವ, ಎಂತಾ ಬರ್ಯಕಾಗಿತ್ತು?" ಎಂದು ಕೇಳಿದಳು. ಹಕ್ಕಿ ಹೇಗಿದೆ, ಬೆನ್ನು ಯಾವ ಬಣ್ಣ, ಕೊಕ್ಕು ಯಾವ ಬಣ್ಣ ಅಂತೆಲ್ಲ ಬರೆದಿದ್ದರೆ ಇನ್ನೆರಡು ಮಾರ್ಕು ಸಿಗುತ್ತಿತ್ತು ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಆದ್ರೆ ನಾನೇ ಹಕ್ಕಿ ಅಲ್ದಾ? ನನ್ನ ಬೆನ್ನು ನಂಗೆ ಹೆಂಗೆ ಕಾಣ್ತು?"

ನಾಳೆ ಟೀಚರ್ ಹತ್ತಿರ ಇದನ್ನೇ ಕೇಳುತ್ತಾಳಂತೆ. ತಂಗಿಗೆ ಈಗಲೇ ಚಿಂತೆ ಶುರುವಾಗಿದೆ.